ಮಣಿಚಕ್ರದ ದುರಸ್ತಿ: ಸವೆದ ರಂಧ್ರ, ಮೂವತ್ತೊಂಬತ್ತು ಹಾಳೆ, ಹೊಸ ಗುಂಡು

ಟಿಬೆಟಿನ ಬೌದ್ಧರು ಕೈಯಲ್ಲಿ ಹಿಡಿದು ತಿರುಗಿಸುವ ಮಣಿಚಕ್ರವೊಂದು ಕಳೆದ ತಿಂಗಳು ನನ್ನ ಮೇಜಿಗೆ ಬಂತು. ಹಿಡಿಯ ಬುಡದಿಂದ ತುದಿಯ ಮೊಗ್ಗಿನವರೆಗೆ ಅದರ ಉದ್ದ 27 ಸೆಂಟಿಮೀಟರ್. ತಾಮ್ರದ ಉರುಳೆಯ ಎತ್ತರ 7.2 ಸೆಂಟಿಮೀಟರ್, ಹೊರವ್ಯಾಸ 6.1. ಉರುಳೆಯ ಮೈಗೆ ಬೆಳ್ಳಿಯ ತಗಡನ್ನು ಹೊದಿಸಿ, ಅದರ ಮೇಲೆ ಆರು ಅಕ್ಷರಗಳನ್ನು ಉಬ್ಬುಕೆಲಸದಲ್ಲಿ ಮೂಡಿಸಿದ್ದಾರೆ. ಒಡತಿ ವಯಸ್ಸಾದ ಭಿಕ್ಷುಣಿ. ತಮ್ಮ ಗುರುಗಳ ಕೈಯಿಂದ ಪಡೆದ ಇದನ್ನು ಅವರು ದಿನವೂ ಬಳಸುತ್ತಾರೆ. ಚಕ್ರ ಓಲಾಡುತ್ತದೆ, ಕಟಕಟ ಸದ್ದು ಮಾಡುತ್ತದೆ, ಕೆಲವು ಸುತ್ತು ತಿರುಗಿ ತಾನಾಗಿ ನಿಂತುಬಿಡುತ್ತದೆ ಎಂಬುದು ಅವರ ದೂರು. ಹೊಳಪು ಕೊಡಿ ಎಂದು ಅವರು ಕೇಳಲಿಲ್ಲ; ಮತ್ತೆ ತಿರುಗುವಂತೆ ಮಾಡಿಕೊಡಿ ಎಂದರು. ಕೆಲಸದ ಉದ್ದಕ್ಕೂ ನನ್ನ ನಿರ್ಧಾರಗಳನ್ನು ನಡೆಸಿದ್ದು ಆ ಮಾತೇ.

ಪ್ರಾರ್ಥನಾಚಕ್ರ ಎಂಬ ಹೆಸರು ರೂಢಿಯಲ್ಲಿದ್ದರೂ ಅದು ಈ ವಸ್ತುವಿಗೆ ಪೂರ್ತಿ ಒಪ್ಪುವುದಿಲ್ಲ. ಟಿಬೆಟನ್ನರು ಇದನ್ನು ಮಣಿ ಖೋರ್ಲೋ ಎನ್ನುತ್ತಾರೆ. ಖೋರ್ಲೋ ಎಂದರೆ ಚಕ್ರ. ಮಣಿ ಎಂದರೆ 'ಓಂ ಮಣಿ ಪದ್ಮೇ ಹೂಂ' ಎಂಬ ಷಡಕ್ಷರಿ. ಕರುಣೆಯ ಬೋಧಿಸತ್ತ್ವನಾದ ಅವಲೋಕಿತೇಶ್ವರನ ಈ ಮಂತ್ರದ ಮಹಿಮೆಯನ್ನು ಕಾರಂಡವ್ಯೂಹ ಸೂತ್ರ ಹೇಳುತ್ತದೆ. ಉರುಳೆಯೊಳಗೆ ಈ ಮಂತ್ರವನ್ನು ಸಾವಿರಾರು ಬಾರಿ ಅಚ್ಚೊತ್ತಿದ ಕಾಗದದ ಸುರುಳಿಯಿರುತ್ತದೆ, ಮತ್ತು ಒಂದು ಸುತ್ತು ತಿರುಗಿದರೆ ಅಷ್ಟನ್ನೂ ಒಮ್ಮೆ ಜಪಿಸಿದ ಫಲವೆಂಬುದು ನಂಬಿಕೆ. ಹಾಗಾಗಿ ಈ ವಸ್ತುವಿನಲ್ಲಿ ಯಂತ್ರವೂ ಅರ್ಥವೂ ಬೇರೆ ಬೇರೆಯಲ್ಲ. ತಿರುಗದ ಚಕ್ರ ಹಾಡದ ಬಾಯಿಯಂತೆ.

ಬಿಚ್ಚುವ ಮೊದಲು ಒಂದು ವಿಧಿ ನಡೆಯಬೇಕಿತ್ತು. ಟಿಬೆಟನ್ ಪರಂಪರೆಯಲ್ಲಿ ವಿಗ್ರಹ, ಸ್ತೂಪ, ಮಣಿಚಕ್ರಗಳಿಗೆ ಪ್ರತಿಷ್ಠೆಯಾಗಿರುತ್ತದೆ. ದುರಸ್ತಿಗೆ ಮುನ್ನ ಅದರೊಳಗಿನ ಜ್ಞಾನಸತ್ತ್ವವನ್ನು, ಅಂದರೆ ಪ್ರತಿಷ್ಠೆಯಿಂದ ಅಲ್ಲಿ ನೆಲೆಸಿದೆಯೆಂದು ನಂಬುವ ದೈವಸಾನ್ನಿಧ್ಯವನ್ನು, ತಾತ್ಕಾಲಿಕವಾಗಿ ಒಂದು ಕನ್ನಡಿಗೆ ಬರಮಾಡಿಕೊಂಡು, ಕೆಲಸ ಮುಗಿದ ಮೇಲೆ ಮರುಪ್ರತಿಷ್ಠೆ ಮಾಡುತ್ತಾರೆ. ಲಾಮಾ ಒಬ್ಬರು ಅದನ್ನು ನೆರವೇರಿಸಿ, ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ಅಷ್ಟರವರೆಗೆ ನಾನು ಅಳತೆಪಟ್ಟಿಯನ್ನೂ ಮುಟ್ಟಿರಲಿಲ್ಲ. ಇದು ಬರಿಯ ಸೌಜನ್ಯವೆಂದು ನನಗೆ ಅನಿಸಿಲ್ಲ: ಇನ್ನೊಬ್ಬರ ಪಾಲಿಗೆ ಜೀವಂತವಾಗಿರುವ ವಸ್ತುವನ್ನು ತೆರೆಯುವವನಿಗೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಆ ವಿಧಿಯೇ ಕಲಿಸುತ್ತದೆ.

ಮೊದಲ ದಿನ: ನೋಡುವುದು ಮಾತ್ರ

ತಿರುಗುವ ದಿಕ್ಕನ್ನು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸವಾಯಿತು. ಬೌದ್ಧರ ಚಕ್ರ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ, ಅಂದರೆ ಪ್ರದಕ್ಷಿಣೆಯಾಗಿ ತಿರುಗುತ್ತದೆ. ಟಿಬೆಟಿನ ಇನ್ನೊಂದು ಧರ್ಮಪರಂಪರೆಯಾದ ಬೋನ್ ಪಂಥದವರ ಚಕ್ರ ಇದಕ್ಕೆ ವಿರುದ್ಧವಾಗಿ ತಿರುಗುತ್ತದೆ, ಅದರೊಳಗಿನ ಮಂತ್ರವೂ ಬೇರೆ. ಪ್ರದಕ್ಷಿಣೆಯ ದಿಕ್ಕಿಗೆ ಶ್ರದ್ಧೆಯ ಕಾರಣದ ಜೊತೆಗೆ ಓದಿನ ಕಾರಣವೂ ಇದೆ. ಅಕ್ಷರಗಳನ್ನು ಎಡದಿಂದ ಬಲಕ್ಕೆ ಬರೆದಿರುವುದರಿಂದ, ಉರುಳೆ ಹೀಗೆ ತಿರುಗಿದಾಗ ನಮಗೆ ಎದುರಾದ ಮೈ ಬಲದಿಂದ ಎಡಕ್ಕೆ ಸರಿಯುತ್ತದೆ. ಕಣ್ಣನ್ನು ಅಲುಗಿಸದೆ ಕುಳಿತವನ ಮುಂದೆ ಓಂ ಮೊದಲು ಬಂದು, ಮ, ಣಿ, ಪ, ದ್ಮೇ, ಹೂಂ ಅದೇ ಕ್ರಮದಲ್ಲಿ ಹಾದುಹೋಗುತ್ತವೆ. ಓದುವವನು ಸಾಲಿನ ಮೇಲೆ ಸಾಗುವ ಬದಲು ಸಾಲೇ ಓದುವವನ ಮುಂದೆ ಸಾಗುತ್ತದೆ. ಈ ಅಂಶವನ್ನು ನಾನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟೆ, ಏಕೆಂದರೆ ಸುರುಳಿಯನ್ನು ಮತ್ತೆ ಸುತ್ತಿ ತುಂಬುವಾಗ ಇದೇ ನನ್ನ ಅಳತೆಗೋಲಾಗಬೇಕಿತ್ತು.

ಹೊರಮೈಯ ಅಕ್ಷರಗಳು ಟಿಬೆಟನ್ ಲಿಪಿಯವಲ್ಲ, ರಂಜನಾ ಲಿಪಿಯವು. ಟಿಬೆಟಿನಲ್ಲಿ ಅದನ್ನು ಲಾಂಛಾ ಎನ್ನುತ್ತಾರೆ. ನೇಪಾಳದ ನೇವಾರರು ಬೆಳೆಸಿದ ಈ ಲಿಪಿ ನಮ್ಮ ಕನ್ನಡದಂತೆ ಬ್ರಾಹ್ಮಿಯ ಸಂತತಿ. ಕನ್ನಡ ಓದುಗನಿಗೆ ಅದು ಅಪರಿಚಿತವಾಗಿ ಕಂಡರೂ ಅದರ ನಡೆ ಬೇಗ ಹಿಡಿತಕ್ಕೆ ಸಿಗುತ್ತದೆ: ಮೇಲೆ ದಪ್ಪನೆಯ ತಲೆಕಟ್ಟು, ಅದರಿಂದ ಇಳಿಬಿದ್ದ ಗೆರೆಗಳು, ಮತ್ತು ಪದ್ಮೇ ಎಂಬಲ್ಲಿ ದಕಾರದ ಕೆಳಗೆ ಕುಳಿತ ಮಕಾರ. ಒಳಗಿನ ಕಾಗದದ ಟಿಬೆಟನ್ ಅಕ್ಷರಗಳಲ್ಲೂ ಇದೇ ಒತ್ತಕ್ಷರವಿದೆ. ನಾವು ದಕಾರಕ್ಕೆ ಮವೊತ್ತು ಕೊಡುವ ಹಾಗೆಯೇ ಅವರೂ ಕೊಡುತ್ತಾರೆ, ಆದರೆ ಉಚ್ಚರಿಸುವಾಗ ಅದನ್ನು 'ಪೇಮೇ' ಎಂದು ಮೆದುಗೊಳಿಸುತ್ತಾರೆ. ಕಣ್ಣಿಗೆ ಉಳಿದ ಸಂಸ್ಕೃತ ನಾಲಿಗೆಯಲ್ಲಿ ಟಿಬೆಟನ್ನಾಗಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಉರುಳೆಯ ಕೆಳಪಟ್ಟಿಯಲ್ಲಿ ಅಷ್ಟಮಂಗಲಗಳಿವೆ. ಛತ್ರ, ಜೋಡಿಮೀನು, ನಿಧಿಕಲಶ, ಕಮಲ, ಬಲಮುರಿ ಶಂಖ, ವಿಜಯಧ್ವಜ, ಧರ್ಮಚಕ್ರ ಇವಿಷ್ಟನ್ನು ಗುರುತಿಸಬಹುದು. ಎಂಟನೆಯ ಚೌಕ ನುಣ್ಣಗೆ ಸವೆದುಹೋಗಿದೆ. ಉಳಿದ ಏಳು ಸಿಕ್ಕಿರುವುದರಿಂದ ಅಲ್ಲಿದ್ದದ್ದು ಕೊನೆಮೊದಲಿಲ್ಲದ ಗಂಟು ಎಂದು ಹೇಳಲು ಕಷ್ಟವಿಲ್ಲ. ಓರೆಬೆಳಕಿನಲ್ಲಿ ಹಿಡಿದರೆ ಅದರ ಎರಡು ಹೆಣಿಗೆಗಳು ಮಸುಕಾಗಿ ಕಾಣುತ್ತವೆ. ಅದನ್ನು ಮತ್ತೆ ಕೊರೆಯುವಷ್ಟು ಉಳಿಗಳು ನನ್ನ ಬಳಿ ಇದ್ದರೂ ನಾನು ಕೊರೆಯಲಿಲ್ಲ. ಆ ಚೌಕ ಸವೆದದ್ದು ಉರುಳೆಗೆ ಸರಪಳಿಯಿಂದ ಕಟ್ಟಿದ ತೂಕದ ಗುಂಡು ಚಕ್ರ ನಿಂತಾಗಲೆಲ್ಲ ಬಂದು ತಾಗುವ ಜಾಗದಲ್ಲಿ; ಅಲ್ಲಿ ಹೊಸ ಗಂಟನ್ನು ಕೆತ್ತಿದರೆ ಇಷ್ಟು ವರ್ಷಗಳ ಬಳಕೆಯ ಗುರುತನ್ನು ಅಳಿಸಿದಂತಾಗುತ್ತದೆ.

ಮುಚ್ಚಳದ ವಿನ್ಯಾಸವನ್ನು ನೇರ ಮೇಲಿನಿಂದ ನೋಡಬೇಕು. ಎರಡು ಸುತ್ತು ಕಮಲದ ದಳಗಳು, ಅವುಗಳ ನಡುವೆ ಹವಳ ಕೂರಿಸಿದ ಮೊಗ್ಗು. ಪದ್ಮದ ಮೇಲೆ ಮಣಿ. ಮಂತ್ರದ ನಡುವಿನ ಎರಡು ಪದಗಳನ್ನು ಕಂಚುಗಾರ ಅಕ್ಷರವಿಲ್ಲದೆ ಮತ್ತೊಮ್ಮೆ ಬರೆದಿದ್ದಾನೆ ಎಂದು ನಾನು ಓದಿಕೊಳ್ಳುತ್ತೇನೆ. ತಳದ ತಟ್ಟೆಯ ಹೊರಮೈಯಲ್ಲಿ ವಿಶ್ವವಜ್ರ, ಅಂದರೆ ಎರಡು ವಜ್ರಗಳು ಅಡ್ಡಹಾಯ್ದು ನಾಲ್ಕು ದಿಕ್ಕಿಗೆ ಚಾಚಿದ ಗುರುತು. ವಿಗ್ರಹಗಳ ಪೀಠದೊಳಗೆ ಮಂತ್ರದ ಸುರುಳಿಗಳನ್ನು ತುಂಬಿ ಮುಚ್ಚುವ ತಟ್ಟೆಯ ಮೇಲೂ ಇದೇ ಗುರುತನ್ನು ಕೆತ್ತುತ್ತಾರೆ. ಒಳಗಿರುವುದು ಅಚಲವಾಗಿರಲಿ ಎಂಬ ಮುದ್ರೆ ಅದು. ಆ ವಜ್ರದ ನಟ್ಟನಡುವೆ ಅಚ್ಚು, ಅಂದರೆ ಉರುಳೆ ಸುತ್ತುವ ನಡುಗಂಬಿ, ಹಾಯುವ ರಂಧ್ರವಿದೆ, ಮತ್ತು ರೋಗವೂ ಅಲ್ಲಿಯೇ ಇತ್ತು.

ಎರಡನೆಯ ದಿನ: ರಂಧ್ರ ಹೇಳಿದ್ದು

ತುದಿಯ ಮೊಗ್ಗು ಕಬ್ಬಿಣದ ಅಚ್ಚಿಗೆ ತಿರುಪಿನಿಂದ ಕೂತಿದೆ. ಅದನ್ನು ಬಿಚ್ಚಿದರೆ ಇಡೀ ಉರುಳೆ ಮೇಲಕ್ಕೆ ಜಾರಿ ಹೊರಬರುತ್ತದೆ. ವಿಗ್ರಹ ಮತ್ತು ಸ್ತೂಪಗಳ ನಡುಗಂಬದಂತೆ ಈ ಅಚ್ಚನ್ನೂ ಟಿಬೆಟನ್ನರು ಜೀವವೃಕ್ಷವೆಂದು ಕರೆಯುತ್ತಾರೆ. ಅದರ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಸುತ್ತಲೂ ಆರು ಕಡೆ ಅಳೆದೆ: ಎಲ್ಲ ಕಡೆಯೂ 4.0 ಮಿಲಿಮೀಟರ್, ದುಂಡುತನಕ್ಕೆ ಕುಂದಿಲ್ಲ. ಮೇಲಿನ ರಂಧ್ರ 4.2ಕ್ಕೆ 4.5 ಮಿಲಿಮೀಟರ್. ತಳದ ರಂಧ್ರ ಮಾತ್ರ 4.3ಕ್ಕೆ 5.6, ಮೊಟ್ಟೆಯ ಆಕಾರ.

ಅಚ್ಚು ದುಂಡಗೇ ಉಳಿದು ರಂಧ್ರ ಮಾತ್ರ ಒಂದೇ ಕಡೆಗೆ ತಿಂದುಹೋದದ್ದು ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸರಪಳಿಯ ಗುಂಡು ಉರುಳೆಯ ಒಂದು ನಿಶ್ಚಿತ ಕೊಂಡಿಗೆ ಕಟ್ಟಿದೆ. ಉರುಳೆ ತಿರುಗುವಾಗ ಗುಂಡು ಅದನ್ನು ಸದಾ ತನ್ನ ಕಡೆಗೆ ಸೆಳೆಯುತ್ತದೆ. ಆಗ ರಂಧ್ರದ ಎದುರುಬದಿಯ ಅಂಚು ಅಚ್ಚಿಗೆ ಒತ್ತಿಕೊಳ್ಳುತ್ತದೆ. ಕೊಂಡಿ ಉರುಳೆಯ ಜೊತೆಗೇ ಸುತ್ತುವುದರಿಂದ ರಂಧ್ರದ ಪಾಲಿಗೆ ಒತ್ತುವ ಜಾಗ ಯಾವಾಗಲೂ ಒಂದೇ. ಅಚ್ಚಿನ ಪಾಲಿಗಾದರೋ ಆ ಜಾಗ ಪ್ರತಿ ಸುತ್ತಿನಲ್ಲೂ ಇಡೀ ಸುತ್ತಳತೆಯ ಮೇಲೆ ಹಂಚಿಹೋಗುತ್ತದೆ. ಸವೆತ ಕೊಂಡಿಗೆ ಸರಿಯಾಗಿ ಎದುರಿನಲ್ಲೇ ಇದ್ದದ್ದನ್ನು ಕಂಡು ನನಗೆ ಸಮಾಧಾನವಾಯಿತು, ಏಕೆಂದರೆ ಕಾರಣ ತಿಳಿಯದ ಸವೆತಕ್ಕೆ ಮಾಡಿದ ಮದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಕೊಂಡಿ ಉರುಳೆಯ ನಡುಮಟ್ಟಕ್ಕಿಂತ ಕೆಳಗಿರುವುದರಿಂದ ಹೊರೆಯ ಹೆಚ್ಚಿನ ಪಾಲು ತಳದ ರಂಧ್ರಕ್ಕೆ ಬಿದ್ದಿದೆ ಎಂಬುದೂ ಇದರಿಂದಲೇ ಹೊರಬಂತು.

ಆದರೂ ಇಷ್ಟು ಆಳದ ಸವೆತಕ್ಕೆ ಇನ್ನೊಂದು ಕಾರಣ ಬೇಕಿತ್ತು. ಅದು ಗುಂಡಿನಲ್ಲೇ ಸಿಕ್ಕಿತು. ಹಿಂದೆ ಯಾರೋ ಮೂಲದ ಗುಂಡು ಕಳೆದುಹೋದಾಗ ಸೀಸದ ಉಂಡೆಯೊಂದನ್ನು ಕಟ್ಟಿದ್ದರು; ತೂಗಿದರೆ 33 ಗ್ರಾಂ. ಭಾರವಾದ ಗುಂಡಿನಿಂದ ಚಕ್ರ ಚೆನ್ನಾಗಿ ತಿರುಗುತ್ತದೆ ಎಂಬ ಎಣಿಕೆ ಅವರದಿರಬೇಕು. ತಿರುಗುವಾಗ ಸರಪಳಿ ಎಷ್ಟು ಮೇಲೇಳುತ್ತದೆ ಎಂಬುದು ವೇಗವನ್ನೂ ಸರಪಳಿಯ ಉದ್ದವನ್ನೂ ಅವಲಂಬಿಸಿದೆಯೇ ಹೊರತು ಗುಂಡಿನ ತೂಕವನ್ನಲ್ಲ. ಈ ಅಳತೆಯ ಚಕ್ರದಲ್ಲಿ ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಸರಪಳಿ ಸುಮಾರು 45 ಡಿಗ್ರಿಗೆ ಏಳುತ್ತದೆ, ಆಗ ಗುಂಡು ಹೆಚ್ಚುಕಡಿಮೆ ತನ್ನ ತೂಕದಷ್ಟೇ ಬಲದಿಂದ ಪಕ್ಕಕ್ಕೆ ಸೆಳೆಯುತ್ತದೆ. ಗುಂಡಿನ ತೂಕ ಎರಡು ಪಟ್ಟಾದರೆ ಕೋನ ಅಷ್ಟೇ ಉಳಿದು ಸೆಳೆತ ಎರಡು ಪಟ್ಟಾಗುತ್ತದೆ. ಆ ಹೊರೆಯನ್ನು ಹೊರಬೇಕಾದದ್ದು ರಂಧ್ರದ ಅದೇ ಅಂಚು.

ಧರ್ಮಚಕ್ರದ ಸಾಂಪ್ರದಾಯಿಕ ವಿವರಣೆಯಲ್ಲಿ ಗಾಲಿಯ ನಡುವಿನ ಗುಂಬವನ್ನು ಶೀಲವೆಂದೂ, ಅರೆಗಾಲುಗಳನ್ನು ಪ್ರಜ್ಞೆಯೆಂದೂ, ಸುತ್ತುಬಳೆಯನ್ನು ಸಮಾಧಿಯೆಂದೂ ಹೇಳುತ್ತಾರೆ. ಗುಂಬ ಸಡಿಲವಾದರೆ ಉಳಿದೆರಡೂ ನಿಲ್ಲುವುದಿಲ್ಲ ಎಂಬುದನ್ನು ಓದಿ ಬಲ್ಲವನಾಗಿದ್ದರೂ, ಓಲಾಡುವ ಉರುಳೆಯನ್ನು ಕೈಯಲ್ಲಿ ಹಿಡಿದಾಗ ಆ ವಿವರಣೆಯನ್ನು ಮೊದಲು ಕೊಟ್ಟವರಿಗೆ ಬಂಡಿಯ ಗಾಲಿಯ ಪರಿಚಯ ಚೆನ್ನಾಗಿತ್ತು ಎಂದು ಅನಿಸಿತು.

ಮೂರರಿಂದ ಆರನೆಯ ದಿನ: ಸುರುಳಿ

ಮುಚ್ಚಳ ಬಿಗಿತದಿಂದಷ್ಟೇ ಕೂತಿತ್ತು. ಒಳಗೆ ಮೇಲ್ಭಾಗದಲ್ಲಿ ಮುಖ ಕೆಳಗಾಗಿ ಇಟ್ಟ ದುಂಡನೆಯ ಮಂತ್ರಪತ್ರ, ಅದು ಆಕಾಶಚಕ್ರ. ತಳದಲ್ಲಿ ಮುಖ ಮೇಲಾಗಿ ಇಟ್ಟ ಭೂಚಕ್ರ. ನಡುವೆ ಹಳದಿ ಬಟ್ಟೆ ಸುತ್ತಿದ ಸುರುಳಿ. ಎತ್ತುವ ಮುನ್ನ ಪ್ರತಿ ಪದರವನ್ನೂ ಛಾಯಾಚಿತ್ರದಲ್ಲಿ ಹಿಡಿದು, ಸುರುಳಿಯ ಮೇಲ್ತುದಿಗೆ ಒಂದು ಕೆಂಪು ದಾರ ಕಟ್ಟಿದೆ. ಸುರುಳಿ ತಲೆಕೆಳಗಾದರೆ ಅಕ್ಷರಗಳು ತಲೆಕೆಳಗಾಗುವುದಷ್ಟೇ ಅಲ್ಲ, ಹಾಯುವ ಕ್ರಮವೂ ಹಿಂದುಮುಂದಾಗುತ್ತದೆ.

ಬಿಡಿಸಿದಾಗ ಒಟ್ಟು 39 ಹಾಳೆಗಳು ಅಂಚಿಗೆ ಅಂಚು ಅಂಟಿಸಿದ ಒಂದೇ ಪಟ್ಟಿ ಸಿಕ್ಕಿತು. ಉದ್ದ 20 ಮೀಟರಿಗೆ ಸ್ವಲ್ಪ ಕಡಿಮೆ, ಅಗಲ 6.4 ಸೆಂಟಿಮೀಟರ್. ಮರದ ಅಚ್ಚಿನಿಂದ ಒತ್ತಿದ ಹತ್ತು ಸಾಲುಗಳು, ಪ್ರತಿ ಮಂತ್ರಕ್ಕೆ ಸುಮಾರು ಮೂರು ಸೆಂಟಿಮೀಟರ್. ಲೆಕ್ಕ ಹಾಕಿದರೆ ಆರೂವರೆ ಸಾವಿರ ಬಾರಿ ಷಡಕ್ಷರಿ. ತೆಳುವಾದ ಕಾಗದ, ಚಿಕ್ಕ ಅಕ್ಷರ, ಬಿಗಿಯಾದ ಸುತ್ತು ಈ ಮೂರಕ್ಕೂ ಕುಶಲಕರ್ಮಿಗಳು ಇಷ್ಟು ಬೆಲೆ ಕೊಡುವುದೇಕೆಂದು ಇದರಿಂದ ತಿಳಿಯುತ್ತದೆ.

ಕಾಗದಕ್ಕೆ ಹುಳು ಬಿದ್ದಿರಲಿಲ್ಲ. ಟಿಬೆಟಿನಲ್ಲಿ ಸ್ಟೆಲ್ಲೆರಾ ಎಂಬ ಗಿಡದ ಬೇರಿನ ನಾರಿನಿಂದ ಕಾಗದ ಮಾಡುತ್ತಾರೆ; ಗಿಡ ವಿಷಕಾರಿಯಾದ್ದರಿಂದ ಕೀಟಗಳು ಆ ಕಾಗದದ ಹತ್ತಿರ ಸುಳಿಯುವುದು ಕಡಿಮೆ. ಇದು ಅದೇ ಕಾಗದವೋ, ನೇಪಾಳದಲ್ಲಿ ತಯಾರಾಗುವ ತೊಗಟೆಯ ನಾರಿನ ಕಾಗದವೋ ಎಂದು ತೀರ್ಮಾನಿಸಲು ನಾರನ್ನು ಕಿತ್ತು ಪರೀಕ್ಷಿಸಬೇಕಿತ್ತು. ಆ ಕುತೂಹಲವನ್ನು ನಾನು ಬಿಟ್ಟುಕೊಟ್ಟೆ. ಹಾನಿಯಾಗಿದ್ದದ್ದು ಅತಿ ಹೊರಗಿನ ಹಾಳೆಗೆ ಮಾತ್ರ, ಅಂದರೆ ಕೊನೆಯ ಮೂರು ಸುತ್ತಿಗೆ. ತೇವದಿಂದ ತಾಮ್ರಕ್ಕೆ ಹಿಡಿದ ಹಸಿರು ಕಿಲುಬು ಬಟ್ಟೆಯನ್ನು ದಾಟಿ ಕಾಗದಕ್ಕೆ ಇಳಿದಿತ್ತು. ಕಲೆ ಬಿದ್ದ ಕಡೆಯೆಲ್ಲ ಹಾಳೆ ಒಣ ಎಲೆಯಂತೆ ಮುರಿಯುತ್ತಿತ್ತು.

ಹೊಸ ಹಾಳೆ ಹಾಕಿ ಹಳೆಯದನ್ನು ತೆಗೆದುಬಿಡುವುದು ಸುಲಭ. ಆದರೆ ಮಂತ್ರ ಬರೆದ ಕಾಗದವನ್ನು ಎಸೆಯುವಂತಿಲ್ಲ, ನನಗೂ ಎಸೆಯುವ ಮನಸ್ಸಿರಲಿಲ್ಲ. ತೆಳ್ಳನೆಯ ಜಪಾನಿ ಕಾಗದವನ್ನು ನೀರಾಗಿಸಿದ ಗೋಧಿಪಿಷ್ಟದ ಅಂಟಿನಿಂದ ಹಿಂಬದಿಗೆ ಹೊಂದಿಸಿ, ಬ್ಲಾಟಿಂಗ್ ಕಾಗದಗಳ ನಡುವೆ ಭಾರವಿಟ್ಟು ಒಣಗಿಸಿದೆ. ಒಂದೇ ಹಾಳೆಗೆ ಎರಡು ದಿನ ಹಿಡಿಯಿತು. ಉದುರಿದ ಚೂರುಗಳಲ್ಲಿ ಒಂಬತ್ತನ್ನು ಅವುಗಳ ಜಾಗಕ್ಕೆ ಸೇರಿಸಿದೆ. ಜಾಗ ಸಿಗದ ನಾಲ್ಕನ್ನು ಪುಟ್ಟ ಕಾಗದದ ಮಡಿಕೆಯಲ್ಲಿಟ್ಟು ಸುರುಳಿಯ ಜೊತೆಗೇ ಒಳಗೆ ಸೇರಿಸಲು ಎತ್ತಿಟ್ಟೆ.

ಮೊದಲ ಸಲ ಸುತ್ತಿದಾಗ ನಾನು ಕಾಗದಕ್ಕೆ ನೋವಾದೀತೆಂದು ಸಡಿಲವಾಗಿ ಸುತ್ತಿದೆ. ಬಿಡಿಸುವ ಮುನ್ನ 5.6 ಸೆಂಟಿಮೀಟರ್ ಇದ್ದ ವ್ಯಾಸ 6.0 ಆಗಿಬಿಟ್ಟಿತು, ಉರುಳೆಯ ಒಳವ್ಯಾಸವೋ 5.9. ಇಪ್ಪತ್ತು ಮೀಟರನ್ನೂ ಮತ್ತೆ ಬಿಡಿಸಿ, ಈ ಸಲ ಪಟ್ಟಿಯ ತುದಿಗೆ ಹಗುರವಾದ ಮೆತ್ತನೆಯ ಕ್ಲಿಪ್ ತೂಗಿಬಿಟ್ಟು, ಒಂದೇ ಎಳೆತದಲ್ಲಿ ಸುತ್ತುತ್ತಾ ಹೋದಾಗ 5.65ಕ್ಕೆ ಬಂತು. ಇಡೀ ಮಧ್ಯಾಹ್ನ ಹಿಡಿದ ಈ ಕೆಲಸದಲ್ಲಿ ಅಕ್ಷರಗಳ ಮುಖ ಹೊರಗೆ, ತಲೆಕಟ್ಟು ಮೇಲೆ ಎಂಬುದನ್ನು ಪ್ರತಿ ಹಾಳೆಯ ಜೋಡಣೆಯಲ್ಲೂ ನಿಂತು ನೋಡಿಕೊಂಡೆ.

ಏಳನೆಯ ದಿನ: ತಟ್ಟೆ, ಬಳೆ, ಗುಂಡು

ಮೊಟ್ಟೆಯಾದ ರಂಧ್ರಕ್ಕೆ ವಾಡಿಕೆಯ ಪರಿಹಾರವೆಂದರೆ ಅದನ್ನು ದೊಡ್ಡದಾಗಿ ದುಂಡಗೆ ಕೊರೆದು ಒಳಗೆ ಹಿತ್ತಾಳೆಯ ಬುಶ್, ಅಂದರೆ ಗಿಡ್ಡ ಕೊಳವೆ, ಹೊಡೆದು ಬೆಸುಗೆ ಹಾಕುವುದು. ಹಾಗೆ ಮಾಡಿದರೆ ವಿಶ್ವವಜ್ರದ ನಡುಭಾಗದ ಲೋಹವನ್ನು ಕಳೆದುಕೊಳ್ಳಬೇಕಾಗುತ್ತದೆ; ಬೆಸುಗೆಯ ಬಿಸಿ ಬೆಳ್ಳಿಯ ತಗಡಿಗೂ ತಟ್ಟುತ್ತದೆ. ಅದರ ಬದಲು 22 ಮಿಲಿಮೀಟರ್ ವ್ಯಾಸದ, 0.8 ಮಿಲಿಮೀಟರ್ ದಪ್ಪದ ಹಿತ್ತಾಳೆಯ ಬಿಲ್ಲೆಯೊಂದನ್ನು ಕತ್ತರಿಸಿ, ನಡುವೆ 4.2 ಮಿಲಿಮೀಟರ್ ರಂಧ್ರ ತೆಗೆದು, ತಳದ ಒಳಮೈಗೆ ಅರಗಿನಿಂದ ಕೂರಿಸಿದೆ. ಹಳೆಯ ರಂಧ್ರ ಹೇಗಿತ್ತೋ ಹಾಗೆಯೇ ಉಳಿಯಿತು. ಇನ್ನು ಮುಂದೆ ಅಚ್ಚನ್ನು ಹಿಡಿಯುವುದು ಬಿಲ್ಲೆ. ಸರಿಯಾದ ಕೇಂದ್ರವನ್ನು ಹುಡುಕಲು ರಂಧ್ರದ ಸವೆಯದ ಅರ್ಧವೇ ನೆರವಾಯಿತು, ಏಕೆಂದರೆ ಆ ಕಡೆಯ ಕಂಸ ಮೂಲದ ವೃತ್ತದ ಭಾಗವಾಗಿಯೇ ಉಳಿದಿತ್ತು. ಬಿಸಿ ಮಾಡಿದರೆ ಅರಗು ಬಿಟ್ಟುಕೊಳ್ಳುತ್ತದೆ, ಆದ್ದರಿಂದ ನನಗಿಂತ ಬಲ್ಲವರು ಮುಂದೆ ಬಂದರೆ ನನ್ನ ಕೆಲಸವನ್ನು ತೆಗೆದುಹಾಕಬಹುದು.

ಉರುಳೆಗೂ ಹಿಡಿಗೂ ನಡುವೆ ಶಂಖದಿಂದ ಕೊಯ್ದ ಬಳೆಯೊಂದಿದೆ. ಉರುಳೆಯ ಭಾರವೆಲ್ಲ ಅದರ ಮೇಲೆ ಕೂತು ತಿರುಗುವುದರಿಂದ ಇದನ್ನು ಬೇರಿಂಗ್ ಎನ್ನಬಹುದು. ಶಂಖ ಗಟ್ಟಿ, ನುಣುಪು, ತುಕ್ಕು ಹಿಡಿಯದು. ಜೊತೆಗೆ ಧರ್ಮದ ದನಿಯನ್ನು ದೂರಕ್ಕೆ ಒಯ್ಯುವ ಮಂಗಲವಸ್ತು. ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಹೊಳೆಯುವುದಿಲ್ಲ. ಮೇಲ್ಮೈಯಲ್ಲಿ ಕಾಲುವೆಯಂತೆ ಸವೆದ ಗೆರೆಯಿತ್ತು. ಬಳೆಯನ್ನು ಮಗುಚಿ ಹಾಕಿದ್ದರಿಂದ ಹೊಸ ಮುಖ ಸಿಕ್ಕಿತು. ಅದಕ್ಕೆ ಜೇನುಮೇಣವನ್ನು ಮಾತ್ರ ಸವರಿದೆ. ಎಣ್ಣೆ ಹಾಕಿದರೆ ಅದು ಅಚ್ಚಿನ ಮೇಲೆ ಹತ್ತಿ ಕಾಗದವನ್ನು ಸೇರುತ್ತದೆ.

ಶುಚಿಗೊಳಿಸುವುದನ್ನು ಮೆತ್ತನೆಯ ಒಣ ಕುಂಚಕ್ಕೆ ಮಿತಿಗೊಳಿಸಿದೆ. ಹುಳಿ ಪದಾರ್ಥ ತಾಮ್ರವನ್ನು ಬೆಳಗಿಸಬಹುದು, ಆದರೆ ಹವಳ ಮತ್ತು ಶಂಖ ಎರಡೂ ಸುಣ್ಣದ ಮೈಯವು, ಹುಳಿ ತಗುಲಿದರೆ ಕರಗುತ್ತವೆ. ಮುಚ್ಚಳದ ಅಂಚಿನ ಹಸಿರುನೀಲಿ ಕಲ್ಲುಗಳು ಸೂಕ್ಷ್ಮರಂಧ್ರಗಳವು, ನೀರನ್ನೂ ಎಣ್ಣೆಯನ್ನೂ ಹೀರಿ ಬಣ್ಣಗೆಡುತ್ತವೆ. ಬೆಳ್ಳಿಯ ತಗ್ಗುಗಳಲ್ಲಿ ಕೂತ ಕಪ್ಪನ್ನು ಹಾಗೆಯೇ ಬಿಟ್ಟೆ. ಉಬ್ಬಿದ ಅಕ್ಷರಗಳು ಎದ್ದು ಕಾಣುವುದು ಆ ಕಪ್ಪಿನಿಂದಲೇ.

ಹೊಸ ಗುಂಡನ್ನು ಹಿತ್ತಾಳೆಯಲ್ಲಿ ಕಡೆದೆ: 15 ಮಿಲಿಮೀಟರ್ ವ್ಯಾಸ, ನಡುವೆ ರಂಧ್ರ, ತೂಕ 14.5 ಗ್ರಾಂ. ಹತ್ತು ಗ್ರಾಮಿನದರಲ್ಲಿ ಚಕ್ರದ ಓಟ ಮಣಿಕಟ್ಟಿನ ಪ್ರತಿ ಅಲುಗಿಗೂ ತಡವರಿಸಿತು, ಇಪ್ಪತ್ತರದು ಕೈಯನ್ನೇ ಎಳೆಯುತ್ತಿತ್ತು. ಇದು ಎರಡರ ನಡುವೆ ನಿಂತಿತು. ಸರಪಳಿಯ ಹಳೆಯ ಕೊಂಡಿಗಳಲ್ಲಿ ಒಂದನ್ನೂ ಬದಲಿಸಲಿಲ್ಲ. ಹಿಡಿಯ ಮರದಲ್ಲಿ ಹೆಬ್ಬೆರಳು ಕೂತು ಕೂತು ಆದ ತಗ್ಗನ್ನು ಒಣಬಟ್ಟೆಯಿಂದ ಒರೆಸಿದ್ದಷ್ಟೇ.

ಎಂಟನೆಯ ದಿನ: ಜೋಡಣೆ

ತಾಮ್ರಕ್ಕೂ ಸುರುಳಿಗೂ ನಡುವೆ ಹೊಸ ಕೈಕಾಗದದ ಒಂದು ಪದರ, ಅದರೊಳಗೆ ಹಳೆಯ ಹಳದಿ ಬಟ್ಟೆ; ಕೆಳಗೆ ಭೂಚಕ್ರ, ಬದಿಯಲ್ಲಿ ಚೂರುಗಳ ಮಡಿಕೆ, ಮೇಲೆ ಆಕಾಶಚಕ್ರ. ಮಡಿಕೆಯನ್ನು ಗುಂಡಿಗೆ ಎದುರಿನ ಬದಿಗೆ ಇಟ್ಟಿದ್ದೇನೆ. ತಿರುಗಿಸಿದೆ. ಓಲಾಟವಿಲ್ಲ. ಕಟಕಟ ಸದ್ದಿನ ಜಾಗದಲ್ಲಿ ಶಂಖದ ಮೇಲೆ ತಾಮ್ರ ಸರಿಯುವ ಸಣ್ಣ ಉಸಿರಿನಂಥ ಸದ್ದು ಮಾತ್ರ ಉಳಿದಿದೆ. ಕೈ ನಿಲ್ಲಿಸಿದ ಮೇಲೂ ಚಕ್ರ ಹನ್ನೊಂದು ಸುತ್ತು ತಾನೇ ಓಡಿತು. ಬಿಚ್ಚುವ ಮುನ್ನ ಎರಡಕ್ಕೆ ನಿಲ್ಲುತ್ತಿತ್ತು.

ಮರುಪ್ರತಿಷ್ಠೆಯಾದ ನಂತರ ಭಿಕ್ಷುಣಿಯವರು ಅದನ್ನು ಕೈಗೆ ತೆಗೆದುಕೊಂಡು, ಮಾತಿಲ್ಲದೆ ಬಹಳ ಹೊತ್ತು ತಿರುಗಿಸುತ್ತಾ ಕುಳಿತರು. ಸರಪಳಿ 45 ಡಿಗ್ರಿಗಿಂತ ಕೆಳಗೇ ಇತ್ತು; ಅವರ ವೇಗ ನಾನು ಲೆಕ್ಕ ಹಾಕಿದ್ದಕ್ಕಿಂತ ನಿಧಾನ, ಹಾಗಾಗಿ ಬಿಲ್ಲೆಯ ಮೇಲಿನ ಹೊರೆಯೂ ಕಡಿಮೆ. ಆರು ತಿಂಗಳಿಗೊಮ್ಮೆ ಅರಗಿನ ಅಂಚನ್ನು ನೋಡಲು ಬರುತ್ತೇನೆ ಎಂದು ಹೇಳಿದ್ದೇನೆ. ಉರುಳೆಯೊಳಗೆ ಮಂತ್ರದ ಹೊರತು ಬೇರೆ ಬರಹ ಇರಬಾರದೆಂದು, ಮುಂದೆ ಇದನ್ನು ದುರಸ್ತಿ ಮಾಡುವವರಿಗಾಗಿ ಬರೆದ ಚೀಟಿಯನ್ನು ಚಕ್ರವನ್ನಿಡುವ ಬಟ್ಟೆಚೀಲದೊಳಗೆ ಹೊಲಿದಿದ್ದೇನೆ. ಅದರಲ್ಲಿ ಬಿಲ್ಲೆಯ ಅಳತೆ, ಗುಂಡಿನ ತೂಕ, ಬಳೆ ಮಗುಚಿದ ಸಂಗತಿ ಇವೆ. ಕೊನೆಯ ಸಾಲು ಹೀಗಿದೆ: ಸುರುಳಿಯನ್ನು ಎತ್ತುವ ಮುನ್ನ ಕೆಂಪು ದಾರ ಯಾವ ತುದಿಯಲ್ಲಿದೆ ಎಂದು ನೋಡಿಕೊಳ್ಳಿ, ಅದು ಮೇಲ್ತುದಿ.